ಒಂದೇ ಅರ್ಚಿನ್, ಎರಡು ಹೆಸರು

ಲಕ್ಷ್ಮೇಶ್ವರದ ಪೇಟೆಯಲ್ಲಿ ಕಾಳುಕಡಿ ಅಂಗಡಿ ಇಟ್ಟಿರುವ ಚನ್ನಬಸವಣ್ಣನವರ ಮಗಳು ಕಾಂಚನಾ, ತನಗೆ ಒಪ್ಪದ ಮಾತಿಗೆ ತಲೆಯಾಡಿಸಿದವಳಲ್ಲ. ಭೂವಿಜ್ಞಾನ ಓದಿ ಪಿಎಚ್.ಡಿ.ಗೆ ಸೇರಿದಾಗ ಅವಳು ಆರಿಸಿಕೊಂಡದ್ದು ಸೀ ಅರ್ಚಿನ್‌ಗಳ ಪಳೆಯುಳಿಕೆಗಳನ್ನು. ನಕ್ಷತ್ರಮೀನಿನ ಬಳಗಕ್ಕೆ ಸೇರಿದ, ಮೈತುಂಬ ಮುಳ್ಳಿರುವ ಕಡಲಜೀವಿ ಅದು. ಗುಜರಾತಿನ ಕಛ್‌ನ ಬಯಲಲ್ಲಿ ಅಲೆದು, ಸುಣ್ಣಗಲ್ಲಿನಿಂದ ಅವನ್ನು ತಾನೇ ಬಿಡಿಸಿ ತಂದಿದ್ದಳು.

ಅವಳ ಗೈಡ್ ಪ್ರೊಫೆಸರ್ ಅಂದಪ್ಪ ಹಿಂದೆ ಅದೇ ಕಲ್ಲಿನ ಪದರದಲ್ಲಿ ಎರಡು ಹೊಸ ಪ್ರಭೇದಗಳನ್ನು ಗುರುತಿಸಿ ಹೆಸರಾದವರು. ಚಿಕ್ಕದಾಗಿ ಚಪ್ಪಟೆಯಾಗಿದ್ದದ್ದು ಒಂದು, ದೊಡ್ಡದಾಗಿ ಬೆನ್ನುಬ್ಬಿದ್ದು ಇನ್ನೊಂದು. ಆದರೆ ಕಾಂಚನಾ ತನ್ನ ಕಲ್ಲುಗಳನ್ನು ಗಾತ್ರದ ಪ್ರಕಾರ ಸಾಲಾಗಿ ಇಟ್ಟಾಗ ನಡುವೆ ಎಲ್ಲಿಯೂ ಗಡಿ ಸಿಗಲಿಲ್ಲ. ಬೆನ್ನು ಸ್ವಲ್ಪಸ್ವಲ್ಪವೇ ಏರುತ್ತ ಹೋಗಿತ್ತು. ಅದರ ಮೇಲಿನ ಎಸಳಿನಂಥ ಗುರುತುಗಳೂ ಹಾಗೆಯೇ ಉದ್ದವಾಗುತ್ತ ಹೋಗಿದ್ದವು. ಒಂದು ಮರಿ, ಇನ್ನೊಂದು ಬೆಳೆದದ್ದು, ಅಷ್ಟೇ.

“ಸರ್, ಇವು ಎರಡಲ್ಲರಿ. ಒಂದ ಪ್ರಭೇದ ಐತ್ರಿ.”

“ಇಷ್ಟು ವರ್ಷ ಎಲ್ಲಾರೂ ಒಪ್ಪಿದ್ದನ್ನ ನೀ ಅಳಿಸಾಕ ಬಂದೀಯೇನು? ಥೀಸಿಸ್‌ನ್ಯಾಗಿಂದ ಆ ಅಧ್ಯಾಯ ತಗದು ಬಾ. ಇಲ್ಲಂದ್ರ ನಾ ಸಹಿ ಮಾಡಂಗಿಲ್ಲ.”

“ಹಂಗಾದ್ರ ಮಾಡಬ್ಯಾಡ್ರಿ,” ಎಂದು ಕಾಂಚನಾ ಹೊರಗೆ ಬಂದಳು. ಕಲ್ಲುಗಳನ್ನು ಟ್ರಂಕಿಗೆ ತುಂಬಿಕೊಂಡು ಊರಿನ ಬಸ್ಸು ಹತ್ತಿದಳು.

ಕಲ್ಲಿನ ಟ್ರಂಕು ಹೊತ್ತು ಮನೆಗೆ ಬಂದ ಮಗಳ ಮೇಲೆ ಚನ್ನಬಸವಣ್ಣ ಹರಿಹಾಯ್ದರು. “ಒಂದು ಅಧ್ಯಾಯದ ಸಲುವಾಗಿ ಕಲತದ್ದೆಲ್ಲ ಹಾಳ ಮಾಡ್ಕೋತಿಯೇನು? ಜಲ್ದಿ ಹೋಗಿ ಕ್ಷಮಾ ಕೇಳು.”

“ಕೇಳಂಗಿಲ್ಲಪ್ಪಾ.”

ಅಪ್ಪ ಮಾತು ಬಿಟ್ಟರು. ತಾಯಿ ಸಾವಿತ್ರೆವ್ವ ಮಾತ್ರ ಒಂದು ಮಧ್ಯಾಹ್ನ ಟ್ರಂಕು ತೆಗೆದು, ಒಂದು ಕಲ್ಲನ್ನು ಅತ್ತಿತ್ತ ಹೊರಳಿಸಿ ಕೇಳಿದರು: “ಇದರ ಮುಂದು ಯಾವುದು, ಹಿಂದು ಯಾವುದವ್ವಾ?”

ಕಾಂಚನಾಳಿಗೆ ನಗು ಬಂತು. “ಮೊದಲಿನವಕ್ಕ ಮುಂದು ಹಿಂದು ಇರಲಿಲ್ಲವ್ವಾ, ದುಂಡಗ ಇದ್ದುವು. ಆಮ್ಯಾಲೆ ಕೆಲವು ಉಸುಕಿನೊಳಗ ತೂರಿ ಬದುಕಾಕ ಹತ್ತಿದುವು. ಒಂದ ದಿಕ್ಕಿಗೆ ನುಗ್ಗಬೇಕಲ್ಲ? ಕೋಟಿಗಟ್ಟಲೆ ವರ್ಷದಾಗ ಮೈ ಉದ್ದಾತು, ಬಾಯಿ ಮುಂದ ಬಂತು, ನೆತ್ತಿ ಮ್ಯಾಲಿದ್ದ ಹೊಲಸು ಹೊರಗ ಹಾಕೋ ತೂತು ಹಿಂದಕ್ಕ ಸರೀತು.”

“ನಿಮ್ಮ ಸರ್ ಏನಂತಾರ?”

“ಕೂಸಿಗೊಂದು ಕುಲ, ದೊಡ್ಡೋರಿಗೊಂದು ಕುಲ ಅಂತಾರ.”

ಸಾವಿತ್ರೆವ್ವ ನಕ್ಕು ಕಲ್ಲನ್ನು ಟ್ರಂಕಿನಲ್ಲಿಟ್ಟರು.

ಆ ವರ್ಷ ಧಾರವಾಡದ ವಿಚಾರಸಂಕಿರಣಕ್ಕೆ ಕಾಂಚನಾ ಟ್ರಂಕಿನ ಸಮೇತ ಹೋದಳು. ಮೇಜಿನ ಮೇಲೆ ಕಲ್ಲುಗಳನ್ನು ಸಾಲಾಗಿ ಜೋಡಿಸಿದಳು. ಅಂದಪ್ಪನವರು ಮುಂದಿನ ಕುರ್ಚಿಯಲ್ಲೇ ಕೂತಿದ್ದರು.

“ಸರ್, ಮೊದಲನೇದು ಎಲ್ಲಿ ಮುಗಿತೈತಿ, ಎರಡನೇದು ಎಲ್ಲಿ ಶುರು ಅಕ್ಕೈತಿ, ಬಂದು ತೋರಸ್ರಿ. ತೋರಿಸಿದ್ರ ಇಲ್ಲೇ ಅಧ್ಯಾಯ ಹರೀತೀನ್ರಿ.”

ಅಂದಪ್ಪ ಎದ್ದು ಬಂದರು. ಒಂದು ಕಲ್ಲು ಎತ್ತಿ ನೋಡಿದರು, ಪಕ್ಕದ್ದನ್ನೂ ನೋಡಿದರು. “ಹಿರಿಯರಿಗೆ ಮರ್ಯಾದಿ ಕೊಡೋದು ಮೊದಲ ಕಲಿ,” ಎಂದು ಹೊರಗೆ ನಡೆದರು.

ಅಂದು ಸಭೆಯಲ್ಲಿದ್ದ ಬೇರೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯೊಬ್ಬರು ಅವಳನ್ನು ತಮ್ಮಲ್ಲಿಗೆ ಕರೆದುಕೊಂಡರು. ಮೊದಲಿಂದ ಶುರುಮಾಡಬೇಕಾಯಿತು, ಪದವಿ ತಡವಾಗಿ ಬಂತು. ಎರಡೂ ಒಂದೇ ಪ್ರಭೇದ ಎಂದು ತೋರಿಸಿದ ಅವಳ ಲೇಖನವೂ ಅಚ್ಚಾಯಿತು. ಎರಡು ಹೆಸರಲ್ಲಿ ಮೊದಲು ಇಟ್ಟದ್ದು ಉಳಿಯಬೇಕೆಂಬುದು ವರ್ಗೀಕರಣದ ನಿಯಮ. ಹಾಗಾಗಿ ಉಳಿದದ್ದೂ ಅಂದಪ್ಪನವರು ಇಟ್ಟ ಹೆಸರೇ. ಆದರೂ ಅವರ ಸಿಟ್ಟು ಇಳಿದಿಲ್ಲ.

ಈಗ ಕಾಂಚನಾ ಗದಗಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಸಹೋದ್ಯೋಗಿ ಮುಮ್ತಾಜ ಒಮ್ಮೆ, “ನಿಮ್ಮ ಸರ್ ವಯಸ್ಸಾದವರು, ಹೋಗಿ ಕಾಲಿಗೆ ಬಿದ್ದು ಬರ್ರಿ ಮೇಡಂ, ಮುಗದ ಹೋಗಲಿ,” ಎಂದರು.

“ಯಾಕ ಬೀಳಬೇಕ್ರಿ?” ಎಂದಳು ಕಾಂಚನಾ. “ಕಲ್ಲು ತಗೊಂಡು ಬರಲಿ. ಕುಂತು ಮಾತಾಡೂಣು.”