ಹೊಟ್ಟೆ ತುಂಬಿದ ಪರದೆ

ಹೆಂಡತಿ ಹಾಸಿಗೆ ಹಿಡಿದ ಮೇಲೆ ಅವಳ ಮಂಚವನ್ನು ಕಿಡಕಿಯ ಪಕ್ಕಕ್ಕೆ ಎಳೆದೆ. ನಾನು ರೋಣ–ಗಜೇಂದ್ರಗಡ ಬಸ್ಸಿನ ಡ್ರೈವರ್. ದಿನವಿಡೀ ನನ್ನ ಮುಂದೆ ಅಗಲವಾದ ಗಾಜು, ಅದರಾಚೆ ಜೋಳದ ಹೊಲ, ಆಕಾಶ. ಅವಳ ಪಾಲಿಗೆ ಬಂದದ್ದು ನರೇಗಲ್ಲಿನ ನಮ್ಮ ಬಾಡಿಗೆ ಮನೆಯ ತುಕ್ಕು ಹಿಡಿದ ಸರಳುಗಳು.

“ಹೊರಗ ಹೋಗಾಕಂತೂ ಆಗೂದಿಲ್ಲ. ನೋಡೂ ಕಿಡಕಿನರ ಚಂದ ಮಾಡ್ರಿ,” ಅಂದಳು.

ಬಾಡಿಗೆ ಮನೆಗೆ ಯಾರಾದರೂ ಕೈಯಿಂದ ಖರ್ಚು ಮಾಡುತ್ತಾರೆಯೇ ಎಂದು ಗೊಣಗಿದೆ. ಗೊಣಗದೆ ನಾನು ನೀರು ಕೂಡ ಕುಡಿದವನಲ್ಲ. ಆದರೂ ರಜೆಯ ದಿನ ಅವಳನ್ನು ಒಳಕೋಣೆಯಲ್ಲಿ ಮಲಗಿಸಿ, ಸರಳುಗಳನ್ನು ಪಾಲಿಶ್ ಪೇಪರಿನಿಂದ ಉಜ್ಜಿ ನೀಲಿ ಬಣ್ಣ ಬಳಿದೆ. ವಾಸನೆ ಹೋದ ಮೇಲೆ ಅವಳನ್ನು ಮತ್ತೆ ಮಂಚಕ್ಕೆ ತಂದು, ಅವಳ ಎದುರೇ ಕಿಡಕಿಯ ಸುತ್ತ ಗೋಡೆಗೆ ಹುರಮಂಜಿನ ಕೆಂಪು ಪಟ್ಟಿ ಎಳೆದೆ.

“ಸೊಟ್ಟ ಆಗೇತ್ರಿ. ಬಸ್ಸೂ ಹಿಂಗ ಹೊಡೀತೀರೇನು?”

ಎಷ್ಟೋ ದಿನಗಳ ನಂತರ ಇಬ್ಬರೂ ನಕ್ಕೆವು.

ಪರದೆಯನ್ನು ಮಾತ್ರ ತಾನೇ ಹೊಲಿಯುತ್ತೇನೆ ಎಂದು ಹಟ ಹಿಡಿದಳು. ಹಳೆಯ ಸೀರೆಗಳನ್ನು ತುಂಡು ಮಾಡಿಸಿಕೊಂಡು, ಕೌದಿ ಹೊಲಿಯುವ ಹಾಗೆ ಒಂದಕ್ಕೊಂದು ಜೋಡಿಸತೊಡಗಿದಳು. ನಮ್ಮ ಮದುವೆಯ ಸೀರೆಯ ಸೆರಗೂ ಅದರಲ್ಲಿ ಸೇರಿತು. ಹೊಲಿಗೆ ಮುಂದೆ ಹೋದಂತೆ ಅವಳ ಊಟ ಹಿಂದೆ ಸರಿಯಿತು. ಕಡೆಕಡೆಗೆ ಗಂಜಿಯೂ ಇಳಿಯಲಿಲ್ಲ. ಪರದೆ ಮುಗಿಯುವ ತನಕವಾದರೂ ಇರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಮುಗಿಯದೇ ಇರಲಿ ಎಂದೂ ಬೇಡಿಕೊಳ್ಳುತ್ತಿದ್ದೆ.

ಒಂದು ಮೂಲೆ ಉಳಿದಾಗ, “ಒಂದ ಚೂರ ರೊಟ್ಟಿ ಕೊಡ್ರಿ,” ಅಂದಳು. ಕೌದಿಯ ಕೊನೆಯ ಮೂಲೆಗೆ ರೊಟ್ಟಿಯ ಚೂರು ಇಟ್ಟು, ಅದರ ಹೊಟ್ಟೆ ತುಂಬಿಸಿ, ಹೊಲಿಗೆ ಮುಚ್ಚುವುದು ಅವಳ ತವರಿನ ರೂಢಿ. ಹೊದ್ದವರ ಮನೆಯಲ್ಲಿ ಯಾರೂ ಹಸಿದಿರಬಾರದು ಎಂದು.

“ಪರದಿಗಿ ಯಾತರ ಹೊಟ್ಟಿ?” ಎಂದು ರೇಗಿಸಿದೆ.

ಬೆಳಿಗ್ಗೆ ನಾನೇ ಬಡಿದಿದ್ದ ರೊಟ್ಟಿ ಇತ್ತು. ಮೊದಲು ಅವಳು ಉಣ್ಣಲಿ ಎಂದು ಹಾಲಿನಲ್ಲಿ ಅದ್ದಿ ಒಂದು ತುತ್ತು ಅವಳ ಬಾಯಿಗಿಟ್ಟೆ. ಎಷ್ಟು ಹೊತ್ತು ಬಾಯಲ್ಲೇ ಇಟ್ಟುಕೊಂಡರೂ ನುಂಗಲಾಗಲಿಲ್ಲ. ಅಂಗೈಗೆ ಉಗುಳಿಸಿಕೊಂಡೆ.

“ನನಗ ಇಳೀವಲ್ದು. ಇದಕ್ಕರ ಉಣಸೂಣು,” ಎಂದು ಒಣ ಚೂರೊಂದನ್ನು ಮೂಲೆಯಲ್ಲಿಟ್ಟು ಹೊಲಿದಳು. ದಾರವನ್ನು ಹಲ್ಲಿನಿಂದ ಹರಿಯಲಾಗದೆ ನನ್ನ ಕಡೆ ಚಾಚಿದಳು. ನಾನು ಹರಿದೆ.

ಪರದೆ ಕಟ್ಟಿದ ಮೇಲೆ ಅವಳು ಬಹಳ ದಿನ ಇರಲಿಲ್ಲ. ಬಿಸಿಲು ಬಿದ್ದಾಗ ಸೀರೆಗಳ ಬಣ್ಣ ಹೊದಿಕೆಯ ಮೇಲೆ ಬೀಳುತ್ತಿತ್ತು. ಅದನ್ನು ನೋಡುತ್ತ ಮಲಗಿರುತ್ತಿದ್ದಳು.

ಈಗ ನನ್ನ ಅಕ್ಕ ಬಂದಾಗಲೆಲ್ಲ, “ಆ ಪರದಿ ಒಗೀಯೋ, ಧೂಳ ತುಂಬೇತಿ,” ಅನ್ನುತ್ತಾಳೆ. ಒಗೆದರೆ ರೊಟ್ಟಿ ನೆನೆಯುತ್ತದೆ ಎಂದು ಹೇಗೆ ಹೇಳಲಿ?

ಮೊನ್ನೆ ಡ್ಯೂಟಿ ಮುಗಿಸಿ ಬಂದು ನೋಡಿದರೆ ಆ ಮೂಲೆಯನ್ನು ಇಲಿ ಕಡಿದಿತ್ತು. ಒಳಗೆ ಏನೂ ಇರಲಿಲ್ಲ. ಪರದೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತೆ. ಆಮೇಲೆ ಎದ್ದು ಹಿಟ್ಟು ನಾದಿ ಒಂದು ರೊಟ್ಟಿ ಬಡಿದೆ, ಚೂರೊಂದನ್ನು ಮೂಲೆಗಿಟ್ಟು ನಾನೇ ಹೊಲಿದೆ.

ಹೊಲಿಗೆ ಸೊಟ್ಟಾಯಿತು. ಅಭ್ಯಾಸಬಲದಿಂದ ಮಂಚದ ಕಡೆ ತಿರುಗಿದೆ.