‘ತಡೀರಿ’ ಅಂದದ್ದರ ಇಂಗ್ಲಿಷ್

ಆಗ ನಾನು ಬಸವನ ಬಾಗೇವಾಡಿಯಲ್ಲಿ ಭಾಷಾಂತರಕಾರನಾಗಿದ್ದೆ. ಹೈಕೋರ್ಟಿಗೆ ಹೋಗುವ ಕನ್ನಡ ಕಾಗದಪತ್ರಗಳನ್ನು ವಕೀಲರಿಗೆ ಇಂಗ್ಲಿಷಿನಲ್ಲಿ ಬರೆದುಕೊಡುವುದು ನನ್ನ ಕೆಲಸ. ಅನುಭವ ಸಾಕಷ್ಟಿತ್ತು; ನಿಘಂಟು ತೆರೆಯುವುದನ್ನು ಬಿಟ್ಟೇಬಿಟ್ಟಿದ್ದೆ.

ಒಂದು ದಿನ ಮಹಬೂಬ ವಕೀಲರು ಮಸೂತಿ ಊರಿನ ಹಣಮವ್ವನನ್ನು ಕರೆತಂದರು. ಕುರಿ ಕಾಯುವ ಹೆಂಗಸು. ಅವಳ ಕುರಿಗಳು ಒಣಗಿದ ಕಾಲುವೆಗೆ ಇಳಿದಿದ್ದಾಗ ನೀರು ಬಿಡಲು ಗೇಟ್ ಆಪರೇಟರ್ ಬಂದಿದ್ದ. ಅವನಿಗೆ ಅಡ್ಡಿಪಡಿಸಿದಳೆಂದು ಅವಳ ಮೇಲೆ ಪ್ರಕರಣ ದಾಖಲಾಗಿತ್ತು. ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಪಡಿಸಿದರೆ ಜೈಲೂ ಆಗಬಹುದು. ಪ್ರಕರಣ ರದ್ದುಪಡಿಸುವಂತೆ ಕೋರಲು ವಕೀಲರು ಅರ್ಜಿ ಸಿದ್ಧಪಡಿಸುತ್ತಿದ್ದರು. ಅವಳು ಹೇಳಿದ್ದನ್ನು ನಾನು ‘ತಡೆದೆ’ ಎಂದು ಚುಟುಕಾಗಿ ಗುರುತು ಹಾಕಿಕೊಂಡು, ಇಂಗ್ಲಿಷಿನಲ್ಲಿ ‘ಅಬ್‌ಸ್ಟ್ರಕ್ಟ್’ ಮಾಡಿದಳು, ಅಂದರೆ ಅಡ್ಡಿಪಡಿಸಿದಳು, ಎಂದು ಬರೆದೆ.

ಕರಡು ಓದಿದ ವಕೀಲರು ಕನ್ನಡಕ ತೆಗೆದರು. “ಸರ, ಕಾನೂನಿನ ಶಬ್ದಾನೂ ಇದೇ ಐತಿ. ನಮ್ಮ ಕೈಯಾರೆ ತಪ್ಪೊಪ್ಪಿಗಿ ಬರದಂಗಾತಲ್ರಿ.”

ನಿಘಂಟು ತೆರೆದೆ. ಬ್ಲಾಕ್, ಹಿಂಡರ್, ಡಿಲೇ. ಒಂದರಲ್ಲಿ ಗೋಡೆ ಎದ್ದಂತೆ, ಇನ್ನೊಂದರಲ್ಲಿ ಕಾಲು ತೊಡರಿದಂತೆ, ಮತ್ತೊಂದರಲ್ಲಿ ಬರೀ ಹೊತ್ತು ಕಳೆದಂತೆ. ಅವಳು ಮಾಡಿದ್ದು ಇವುಗಳಲ್ಲಿ ಯಾವುದೆಂದು ನನಗೇ ಗೊತ್ತಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕುಳಿತಿದ್ದವಳನ್ನು ಒಳಗೆ ಕರೆಸಿದೆ.

“ಹಣಮವ್ವ, ಅವತ್ತ ನಿನ್ನ ಬಾಯಾಗ ಏನ್ ಮಾತು ಬಂತು? ಹಂಗ ಹೇಳು.”

“‘ಅಣ್ಣಾ, ಒಂದೀಟು ತಡೀರಿ, ಕುರಿ ಮ್ಯಾಲ ಬರ್ಲಿ’ ಅಂದೇನ್ರಿ.”

‘ತಡಿ’ ಎಂದರೆ ನಮ್ಮಲ್ಲಿ ಕಾಯು ಎಂದೂ ಅರ್ಥ. ನಾನು ಹುಟ್ಟಿನಿಂದ ಆಡಿದ ಮಾತು ಅದು.

“ಕೈ ಹಚ್ಚಿದ್ದಿ ಏನು?”

ವಕೀಲರು ನನ್ನನ್ನು ದುರುಗುಟ್ಟಿ ನೋಡಿದರು. ಅವಳು ಮಾತ್ರ ಅಳುಕಲಿಲ್ಲ. “ಗೇಟಿನ ಹಿಡಿ ಮ್ಯಾಲ ಇಟ್ಟಿದ್ನಿರಿ. ಸುಳ್ಳ ಯಾಕ ಹೇಳ್ಲಿ? ಕುರಿ ದಂಡಿಗೆ ಬಂದ ಕೂಡ್ಲೇ ತೆಗದೇನಿ.”

ಹಾಗಾದರೆ ‘ಕಾಯಲು ಕೇಳಿದೆ’ ಎಂದಷ್ಟೇ ಬರೆದರೂ ಪೂರ್ಣ ನಿಜವಾಗುತ್ತಿರಲಿಲ್ಲ. ಕೈ ಇಟ್ಟ ಮಾತನ್ನು ಬಿಟ್ಟುಬಿಡಿ ಎಂದು ವಕೀಲರು ಪಟ್ಟು ಹಿಡಿದರು, ನಾನು ಒಪ್ಪಲಿಲ್ಲ. ಕೊನೆಗೆ ಒಂದು ಕ್ರಿಯಾಪದದ ಬದಲು ಮೂರು ವಾಕ್ಯ ಬರೆದೆ: ಕಾಯಲು ಕೇಳಿದಳು, ಹಿಡಿಯ ಮೇಲೆ ಕೈ ಇಟ್ಟಳು, ಕುರಿಗಳು ಮೇಲೇರಿದ ಕೂಡಲೇ ಕೈ ತೆಗೆದಳು.

ಆಪರೇಟರನ ಹೇಳಿಕೆಯಲ್ಲೂ ಇದೇ ಕ್ರಮವಿತ್ತು. ಎರಡೂ ತಾಳೆಯಾದವು, ಕೈ ಇಟ್ಟದ್ದೂ ಸೇರಿ. ಕುರಿ ಮೇಲೇರುವಷ್ಟು ಹೊತ್ತಿನ ಆ ತಡೆ ಅಪರಾಧವಲ್ಲವೆಂದು ಹೈಕೋರ್ಟು ಪ್ರಕರಣ ರದ್ದುಪಡಿಸಿತು.

ಸಮಾನಾರ್ಥಕ ಪದಗಳನ್ನು ನಿಘಂಟು ಕೊಡುತ್ತದೆ. ಅವುಗಳಲ್ಲಿ ಯಾವುದು ನಡೆಯಿತೆಂದು ಹೇಳಬಲ್ಲವರು ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತಾರೆ. ಅವರನ್ನು ಕೇಳದೆ ಪೆನ್ನೆತ್ತಬಾರದೆಂದು ಕಲಿಯಲು ನನಗೆ ಅಷ್ಟು ವರ್ಷ ಬೇಕಾಯಿತು.