ಕಿಡಿ, ಗಲ್ಲಾ ಮತ್ತು ಮಾವನ ಪಿನ್‌ಬಾಲ್

ಬಸ್ ನಿಲ್ದಾಣದ ನೆಲಮಾಳಿಗೆಯ, ಕಾಸು ಹಾಕಿ ಆಡುವ ಯಂತ್ರಗಳ ಆಟದ ಅಂಗಡಿಯಲ್ಲಿ ಇಬ್ಬರು ವಾರಗಿತ್ತಿಯರಿದ್ದರು. ಹಿರಿಯ ಸೊಸೆಗೆ ಅಲ್ಲಿಗೆ ಬರುವ ಪಡ್ಡೆಗಳು ‘ಗಲ್ಲಾ’ ಎಂದು ಹೆಸರಿಟ್ಟಿದ್ದರು, ಏಕೆಂದರೆ ಅವಳು ಗಲ್ಲಾಪೆಟ್ಟಿಗೆ ಬಿಟ್ಟು ಏಳುತ್ತಿರಲಿಲ್ಲ. ಕಿರಿಯವಳು ‘ಕಿಡಿ’. ಅದು ಅವಳ ಕೈಯಲ್ಲಿನ ಕೆಲಸಕ್ಕೆ ಬಂದ ಹೆಸರೋ, ಬಾಯಿಗೆ ಬಂದ ಹೆಸರೋ ಎಂದು ಕೇಳಿದರೆ ಎರಡಕ್ಕೂ ಎನ್ನುತ್ತಿದ್ದರು.

ಮದುವೆಗೆ ಮುಂಚೆ ಕಿಡಿ ದೂರವಾಣಿ ಕೇಂದ್ರದ ರಿಲೇ ಕೋಣೆಯಲ್ಲಿ ಕೆಲಸಕ್ಕಿದ್ದಳು. ಕರೆಂಟು ಬಂದರೆ ‘ಟಕ್’ ಎಂದು ಅಂಟಿಕೊಳ್ಳುವ, ಹೋದರೆ ಬಿಡುವ ಸಾವಿರಾರು ಪುಟ್ಟ ಸ್ವಿಚ್ಚುಗಳ ನಡುವೆ ಅವಳ ಹರೆಯ ಕಳೆದಿತ್ತು. ಕೇಂದ್ರಕ್ಕೆ ಹೊಸ ಯಂತ್ರಗಳು ಬಂದವು, ರಿಲೇಗಳು ಗುಜರಿಗೆ ಹೋದವು, ಅವಳನ್ನು ಮನೆಗೆ ಕಳಿಸಿದರು. ಆ ಸಿಟ್ಟು ಆರುವ ಮೊದಲೇ ಮದುವೆಯಾಗಿ ಈ ಮನೆಗೆ ಬಂದಳು.

ಬಂದ ಹೊಸದರಲ್ಲಿ ಗಂಡ ಅವಳನ್ನು ಅಂಗಡಿ ತೋರಿಸಲು ಕರೆದುಕೊಂಡು ಹೋದ. ಮಾವ ಆಗ ಹಳೆಯ ಪಿನ್‌ಬಾಲ್ ಯಂತ್ರದ ಮುಚ್ಚಳ ಎತ್ತಿ ತಲೆ ಒಳಗಿಟ್ಟಿದ್ದರು. ಇಳಿಜಾರಾದ ಹಲಗೆ, ಅದರ ಮೇಲೆ ಉರುಳುವ ಉಕ್ಕಿನ ಗುಂಡು, ಗುಂಡು ತಾಗಿದರೆ ಒದೆಯುವ ಬಂಪರುಗಳು, ಅಂಕ ತೋರಿಸುವ ತಿರುಗುಗಾಲಿಗಳು, ಮೂರು ಗಂಟೆಗಳು. ಎಲ್ಲವೂ ತಂತಿ, ತಾಮ್ರದ ಸುರುಳಿಯ ಕಾಯಿಲ್ ಮತ್ತು ರಿಲೇಗಳಿಂದಲೇ ನಡೆಯುತ್ತಿದ್ದ ಕಾಲದ್ದು. ಕಿಡಿ ಬಗ್ಗಿ ಕಿವಿಗೊಟ್ಟಳು.

“ಮಾವ, ಆ ಮೂಲೆ ರಿಲೇ ಬಿಡೋಕೆ ತಡ ಮಾಡ್ತಿದೆ. ಅದಕ್ಕೇ ಅಂಕ ಎರಡೆರಡು ಸಲ ಬೀಳ್ತಿರೋದು.”

ಮಾವ ಸ್ಕ್ರೂಡ್ರೈವರನ್ನು ಅವಳ ಕೈಗೆ ಕೊಟ್ಟರು.

ಗಲ್ಲಾ ಇದನ್ನು ಕೌಂಟರಿನ ಹಿಂದಿನಿಂದ ನೋಡಿದಳು. ಅವಳು ಸೊಸೆಯಾಗಿ ಬಂದ ದಿನದಿಂದ ಅದೇ ಅಂಗಡಿಯಲ್ಲಿ ನಿಂತು ಕಾಲು ಬಾತುಕೊಂಡವಳು. ಮಾವ ಅವಳಿಗೆ ಗಲ್ಲಾದ ಬೀಗದ ಕೈ ಕೊಟ್ಟಿದ್ದರೇ ಹೊರತು ಆ ಯಂತ್ರದ ಮುಚ್ಚಳ ಒಂದು ಸಲವೂ ಎತ್ತಿ ತೋರಿಸಿರಲಿಲ್ಲ. ಅವತ್ತು ಮನೆಗೆ ಹೋಗಿ ಗಂಡನಿಗೆ, ಗೋಡೆಯಾಚೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: “ಇಷ್ಟು ವರ್ಷ ದುಡಿದವಳು ನಾನು. ನಿನ್ನೆ ಬಂದವಳಿಗೆ ಆರತಿ!”

ಗೋಡೆಯಾಚೆ ಕಿಡಿ ಕೇಳಿಸಿಕೊಂಡಳು. ಅಲ್ಲಿಂದ ಶುರುವಾದದ್ದು. ಅಣ್ಣತಮ್ಮಂದಿರು ಮಾತ್ರ ಬಿರುಗಾಳಿ ಎದ್ದಾಗ ಕಿಟಕಿ ಹಾಕಿಕೊಂಡು ಕೂರುವ ಜಾತಿ. ಇಬ್ಬರೂ ತಂತಮ್ಮ ಹೆಂಡತಿ ಹೇಳಿದ್ದಕ್ಕೆ ತಲೆಯಾಡಿಸಿದರು, ಇನ್ನೊಬ್ಬರ ಮುಂದೆ ತುಟಿ ಬಿಚ್ಚಲಿಲ್ಲ.

ಮಾವ ತೀರಿಕೊಂಡ ಮೇಲೆ ಅಂಗಡಿ ಗಲ್ಲಾಳದಾಯಿತು, ಯಂತ್ರದ ರಿಪೇರಿ ಕಿಡಿಯದಾಯಿತು. ಇಬ್ಬರೂ ನೇರವಾಗಿ ಮಾತಾಡುವುದನ್ನೇ ಬಿಟ್ಟರು.

“ಗಂಟೆ ಸರಿಯಾಗಿ ಹೊಡೀತಿಲ್ಲ ಅಂತ ಯಾರಿಗಾದ್ರೂ ಹೇಳಬೇಕು,” ಎಂದು ಗಲ್ಲಾ ಅಂಗಡಿಯ ಸೂರು ನೋಡುತ್ತಾ ಹೇಳುತ್ತಿದ್ದಳು.

“ಗಂಟೆ ಸರಿ ಇದೆ, ಕೆಲವರ ಕಿವಿ ತೊಳೀಬೇಕು ಅಂತ ಯಾರಿಗಾದ್ರೂ ಹೇಳಬೇಕು,” ಎಂದು ಕಿಡಿ ಯಂತ್ರದ ಹೊಟ್ಟೆಯೊಳಗಿಂದ ಉತ್ತರಿಸುತ್ತಿದ್ದಳು.

ಹೀಗಿರುವಾಗ ಯಂತ್ರಕ್ಕೊಂದು ವಿಚಿತ್ರ ರೋಗ ಬಂತು. ಆಟಗಾರ ಗುಂಡನ್ನು ಬೇಕಾದ ಕಡೆ ಹೊರಳಿಸಲು ಯಂತ್ರವನ್ನೇ ಹಿಡಿದು ಅಲುಗಾಡಿಸಿದರೆ ಅದು ಮುನಿಸಿಕೊಳ್ಳುತ್ತದೆ. ‘ಟಿಲ್ಟ್’ ಎಂಬ ದೀಪ ಹತ್ತಿ, ಹಲಗೆ ಸತ್ತು, ಗುಂಡು ಸುಮ್ಮನೆ ಜಾರಿ ಹೋಗುತ್ತದೆ. ಮೋಸಕ್ಕೆ ಇಟ್ಟ ಶಿಕ್ಷೆ ಅದು. ಈಗ ಯಾರೂ ಅಲುಗಾಡಿಸದೆಯೇ ಟಿಲ್ಟ್ ಬೀಳತೊಡಗಿತು. ಬಂಪರು ನಾಲ್ಕು ಸಲ ಒದ್ದರೆ ಒಮ್ಮೆ ದೀಪ ಹತ್ತಿತು ಅಂತಲೇ. ಮೊದಮೊದಲು ಗಲ್ಲಾ, “ಕುಣಿಯೋಕೆ ಬರದವನಿಗೆ ನೆಲ ಡೊಂಕಂತೆ” ಎಂದು ಆಡಿದವರನ್ನೇ ಗದರಿದಳು. “ಇಲ್ಲಿ ನೆಲ ಡೊಂಕಾಗೇ ಇದೆಯಲ್ಲಮ್ಮ,” ಎಂದು ಒಬ್ಬ ನಗಾಡಿದ. ನಗು ಬೇಗ ಮುಗಿಯಿತು. ಒಂದು ಮಧ್ಯಾಹ್ನ ಲಾರಿ ಚಾಲಕನೊಬ್ಬ ಗಾಜಿನ ಮೇಲೆ ಗುದ್ದಿ ಗಲ್ಲಾಳನ್ನು ಕಳ್ಳಿ ಎಂದುಬಿಟ್ಟ.

ಕಿಡಿ ಎರಡು ಸಲ ತೆರೆದು ನೋಡಿದ್ದಳು, ಸ್ವಿಚ್ಚುಗಳು ತಾಗುವ ಕಾಂಟ್ಯಾಕ್ಟುಗಳನ್ನು ಒರೆಸಿದ್ದಳು. ಅವಳು ಒಂದೆರಡು ಗುಂಡು ಬಿಟ್ಟು ನೋಡುವಾಗ ಯಂತ್ರ ಬೆಣ್ಣೆಯಂತೆ ನಡೆಯುತ್ತಿತ್ತು. ಅವಳು ಆಚೆ ಹೋದರೆ ಮತ್ತೆ ಅದೇ ಹಾಡು. ಲಾರಿಯವನು ಹೋದ ಮೇಲೆ, ಸಾಮಾನಿನ ಡಬ್ಬಿ ಹಿಡಿದು ಮತ್ತೆ ಬಂದ ಕಿಡಿಗೆ, ತುಂಬಿದ ಅಂಗಡಿಯಲ್ಲಿ, ಗಲ್ಲಾ ಈ ಸಲ ಸೂರು ನೋಡದೆ ನೇರವಾಗಿ ಹೇಳಿದಳು.

“ನೀನೇ ಕಣೇ ಇದನ್ನ ಕೆಡಿಸಿರೋದು. ನಿನ್ನ ಮುಂದೆ ಸರಿ ಇರುತ್ತೆ, ನನ್ನ ಮುಂದೆ ಕೆಡುತ್ತೆ. ನನ್ನ ಮಾನ ಕಳೀಬೇಕು ಅಂತ ಮಾಡಿದೀಯ.”

ಕಿಡಿಯ ಮುಖ ಬಿಳಿಚಿತು. “ಅಕ್ಕ, ನಿಮ್ಮ ಮಾನ ಕಳೆಯೋಕೆ ನಾನ್ಯಾಕೆ ಬೇಕು? ನಿಮ್ಮ ಬಾಯಿ ಸಾಕಲ್ಲ,” ಎಂದಳು. ಅವಳು ಯಾವತ್ತೂ ‘ನೀವು’ ಬಿಟ್ಟವಳಲ್ಲ. ಆ ‘ನೀವು’ ಮಾತ್ರ ಕಲ್ಲು ಬೀಸಿದಂತೆ ಬರುತ್ತಿತ್ತು. ಸಾಮಾನಿನ ಡಬ್ಬಿ ಎತ್ತಿಕೊಂಡು ಮೆಟ್ಟಿಲು ಹತ್ತಿ ಹೋದಳು. ಮನೆಯಲ್ಲಿ ಪಾತ್ರೆಗಳು ಎರಡು ದಿನ ಅವಳ ಕೈಯಲ್ಲಿ ಪೆಟ್ಟು ತಿಂದವು.

ಗಲ್ಲಾ ಹೊರಗಿನಿಂದ ಒಬ್ಬ ರಿಪೇರಿಯವನನ್ನು ಕರೆಸಿದಳು. ಫ್ಯಾನು, ಮಿಕ್ಸಿ ಸರಿ ಮಾಡುವವನು. ಅವನು ಕಾಂಟ್ಯಾಕ್ಟುಗಳನ್ನೆಲ್ಲ ಉಪ್ಪುಕಾಗದದಿಂದ ಗಸಗಸ ಉಜ್ಜಿದ, ಬಂಪರಿನ ಸ್ವಿಚ್ಚನ್ನು ಇಕ್ಕಳದಿಂದ ಬಗ್ಗಿಸಿದ. ಫ್ಯೂಸು ಸುಟ್ಟಿತು. ಇನ್ನೊಂದು ಹಾಕಿದ, ಅದೂ ಸುಟ್ಟಿತು. ಕೊನೆಗೆ ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಸುತ್ತಿ, “ಇನ್ನು ಸುಡೋಕೆ ಏನೂ ಇಲ್ಲ ತಗೊಳ್ಳಿ,” ಎಂದು ಹೋದ.

ಸುಡಲಿಕ್ಕೆ ಯಂತ್ರವೇ ಇತ್ತು. ಸಂಜೆಯ ಜನ ಸೇರುವ ಹೊತ್ತಿಗೆ ಹಲಗೆಯ ಕೆಳಗಿಂದ ಹೊಗೆ ಎದ್ದಿತು. ಜನ ಮೆಟ್ಟಿಲ ಮೇಲೆ ನುಗ್ಗಿದರು, ಒಬ್ಬ ಮುದುಕ ಬಿದ್ದು ಮೊಣಕೈ ತರಚಿಕೊಂಡ. ಗಲ್ಲಾಳ ಗಂಡ ಪ್ಲಗ್ಗು ಕಿತ್ತ. ಸುಟ್ಟ ವಾಸನೆ ಮೇಲೆ ಬಸ್ಸಿಗೆ ಕಾಯುವವರ ಮೂಗಿಗೂ ಮುಟ್ಟಿತು.

ಮರುದಿನ ಬೆಳಿಗ್ಗೆ ಗಲ್ಲಾ ಕಿಡಿಯ ಬಾಗಿಲಿಗೆ ಬಂದಳು. ಒಳಗೆ ಕಾಲಿಡಲಿಲ್ಲ.

“ಕೆಡಿಸಿದವಳೇ ಬಂದು ಸರಿ ಮಾಡಬೇಕು.”

“ಬರ್ತೀನಿ. ಆದರೆ ಅಂಗಡಿ ತೆರೆದಿರಬೇಕು, ಜನ ಇರಬೇಕು. ಟಾರ್ಚು ನೀವೇ ಹಿಡೀಬೇಕು. ನಾನು ಮುಟ್ಟಿದ್ದೆಲ್ಲ ನಿಮ್ಮ ಕಣ್ಣಾರೆ ನೋಡಬೇಕು.”

“ನೋಡದೆ ಬಿಡ್ತೀನಾ?”

ಬೆಳಕಿರುವಾಗಲೇ, ಹತ್ತಾರು ಜನರ ಎದುರು, ಕಿಡಿ ಹಲಗೆ ಎತ್ತಿ ನಿಲ್ಲಿಸಿದಳು. ಮೊದಲು ಫ್ಯೂಸಿನ ಜಾಗದ ತಂತಿ ಕಿತ್ತು ನೆಲಕ್ಕೆ ಎಸೆದಳು. ಬಂಪರಿನ ಕಾಯಿಲ್ ಇದ್ದಿಲಾಗಿತ್ತು. ಬಗ್ಗಿಸಿದ ಸ್ವಿಚ್ಚು ಬಿಡದೆ ಅಂಟಿಕೊಂಡೇ ಇದ್ದುದರಿಂದ ಕ್ಷಣಮಾತ್ರ ಹರಿಯಬೇಕಾದ ಕರೆಂಟು ಒಂದೇ ಸಮ ಹರಿದಿತ್ತು. ಅದಕ್ಕೇ ಫ್ಯೂಸು ಸುಡುತ್ತಿದ್ದುದು. ಸ್ವಿಚ್ಚನ್ನು ನೆಟ್ಟಗೆ ಮಾಡಿ, ಮಾವ ಎತ್ತಿಟ್ಟಿದ್ದ ಹಳೆಯ ಕಾಯಿಲ್ ಜೋಡಿಸಿ, ಸರಿಯಾದ ಫ್ಯೂಸು ಹಾಕಿದಳು. ಯಂತ್ರ ಎದ್ದಿತು. ಬಂಪರನ್ನು ಬೆರಳಿಂದ ತಟ್ಟಿದಳು. ಒಮ್ಮೆ, ಮತ್ತೊಮ್ಮೆ. ಟಿಲ್ಟ್.

“ನೋಡಿ!” ಎಂದಳು ಗಲ್ಲಾ ಜನರತ್ತ ತಿರುಗಿ.

“ಟಾರ್ಚು ಇತ್ತ,” ಎಂದಳು ಕಿಡಿ.

ಟಿಲ್ಟ್ ಬೀಳಿಸಲು ಯಂತ್ರದೊಳಗೆ ಮೂರು ಕಾವಲುಗಾರರಿದ್ದರು: ಅಲುಗಿದರೆ ಸುತ್ತಲಿನ ಬಳೆಗೆ ತಾಗುವ ತೂಗುಗುಂಡು, ಎತ್ತಿ ಹಿಡಿದರೆ ಉರುಳುವ ಗೋಲಿ, ಕಾಸು ಹಾಕುವ ಬಾಗಿಲಿಗೆ ಒದ್ದರೆ ಅದುರುವ ಪಟ್ಟಿ. ಕಿಡಿ ಒಂದೊಂದರ ತಂತಿ ಬಿಚ್ಚುತ್ತಾ ಬಂಪರು ತಟ್ಟುತ್ತಾ ಹೋದಳು. ಮೂರನ್ನೂ ಬಿಚ್ಚಿದ ಮೇಲೂ ಟಿಲ್ಟ್ ರಿಲೇ ಟಕ್ ಎಂದಿತು. ಅವಳು ಮೊದಲ ಸಲ ಗೊಂದಲಗೊಂಡಂತೆ ಕಂಡಳು. ಬೆವರು ಒರೆಸಿಕೊಂಡಳು. ಜನರಲ್ಲಿ ಯಾರೋ ಆಕಳಿಸಿದರು.

“ಕಾವಲುಗಾರರದ್ದಲ್ಲ ತಪ್ಪು. ದಾರಿಯಲ್ಲೆಲ್ಲೋ ಇದೆ,” ಎಂದು ತನಗೇ ಹೇಳಿಕೊಂಡಳು. ಒಂದು ಮರದ ಕಡ್ಡಿ ತೆಗೆದುಕೊಂಡು, ಬಟ್ಟೆ ಸುತ್ತಿದ ತಂತಿಗಳ ಕಟ್ಟನ್ನು ಗೇಣು ಗೇಣಾಗಿ ಒತ್ತುತ್ತಾ ಬಂದಳು. ಹಿಂಬದಿಯ ಮೂಲೆಗೆ ಬಂದಾಗ ಟಕ್. ಬಿಟ್ಟರೆ ಸುಮ್ಮನೆ. ಒತ್ತಿದರೆ ಟಕ್.

“ಬೆಳಕು ಇಲ್ಲಿ ಹಿಡೀರಿ.”

ಗಲ್ಲಾ ಬಗ್ಗಿದಳು. ಪೆಟ್ಟಿಗೆಯ ಮರವನ್ನು ತೂರಿ ಬಂದ ಸ್ಕ್ರೂವಿನ ತುದಿಯೊಂದು ತಂತಿಗಳ ಕಟ್ಟಿಗೆ ಹಲ್ಲು ಹಾಕಿತ್ತು. ಬಂಪರು ಒದ್ದು ಪೆಟ್ಟಿಗೆ ಅದುರಿದಾಗಲೆಲ್ಲ ಅದು ಟಿಲ್ಟಿನ ತಂತಿಯನ್ನೂ ಪಕ್ಕದ ತಂತಿಯನ್ನೂ ಒಂದುಗೂಡಿಸುತ್ತಿತ್ತು. ಕಿಡಿ ಹಿಂದೆ ಹೋಗಿ ನೋಡಿದಳು. ಹೊರಗೆ ಆ ಸ್ಕ್ರೂವಿನ ತಲೆಯಿದ್ದದ್ದು ಯಂತ್ರದ ಹಿಂಬಾಗಿಲಿನ ಹೊಸ ಚಿಲಕದ ಮೇಲೆ. ತನ್ನನ್ನು ಕೇಳದೆ ಕಿಡಿ ಯಂತ್ರ ತೆರೆಯಬಾರದೆಂದು ಗಲ್ಲಾಳೇ ಗಂಡನ ಕೈಲಿ ಹಾಕಿಸಿದ್ದ ಚಿಲಕ. ಅದರ ಬೀಗದ ಕೈ ಗಲ್ಲಾಳ ಸೊಂಟದಲ್ಲೇ ಇತ್ತು.

ಜನ ಒಬ್ಬರ ಹಿಂದೊಬ್ಬರು ಚಿಲಕ ನೋಡಲು ಬಗ್ಗಿದರು.

“ಯಾರು ಕೆಡಿಸಿದ್ದು ಅಕ್ಕ?” ಎಂದಳು ಕಿಡಿ. ಮೆಲ್ಲಗೆ ಕೇಳಿದಳು. ಅದೇ ಹೆಚ್ಚು ಚುಚ್ಚಿತು.

ಗಲ್ಲಾಳ ಕಿವಿ ಕೆಂಪಾಯಿತು. ಆದರೆ ಅವಳು ಸೋಲುವ ಪೈಕಿಯವಳಲ್ಲ. “ಚಿಲಕ ಹಾಕಿ ತಿಂಗಳುಗಟ್ಟಲೆ ಆಯ್ತು. ನೀನು ಎರಡು ಸಲ ತೆರೆದು ನೋಡಿದ್ಯಲ್ಲ, ಕಣ್ಣು ಎಲ್ಲಿಟ್ಟಿದ್ದೆ?”

ಅದು ನಿಜವಾಗಿತ್ತು. ಆ ಚಿಲಕ ಕಂಡರೆ ಕಿಡಿಯ ಮೈ ಉರಿಯುತ್ತಿತ್ತು, ಅದಕ್ಕೇ ಆ ಮೂಲೆಗೆ ಅವಳು ಮುಖವನ್ನೇ ತಿರುಗಿಸುತ್ತಿರಲಿಲ್ಲ. ಸ್ಕ್ರೂ ಕಳಚಿ, ಗಾಯವಾದ ತಂತಿಗಳಿಗೆ ಟೇಪು ಸುತ್ತಿ, ಗಿಡ್ಡ ಸ್ಕ್ರೂ ಒಂದನ್ನು ಅದೇ ಚಿಲಕಕ್ಕೆ ತಾನೇ ಬಿಗಿದಳು.

“ಬೀಗ ನಿಮ್ಮದೇ ಇರಲಿ. ಇನ್ನು ಮೇಲೆ ಅದರ ಕೀಲಿಗೆ ನಾನು ನಿಮ್ಮ ಮುಂದೆ ಕೈ ಚಾಚಲ್ಲ. ಕೆಟ್ಟರೆ ಭಾವನ ಕೈಲಿ ಹೇಳಿ ಕಳಿಸಿ.”

ಅವತ್ತಿನಿಂದ ಅವಳು ಮನೆಯ ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡಳು. ಹಳೆಯ ಲಿಫ್ಟಿನ ರಿಲೇಗಳು, ಹಾಡಿನ ಪೆಟ್ಟಿಗೆಗಳು, ತೂಕದ ಯಂತ್ರಗಳು ಅಲ್ಲಿಗೆ ಬಂದವು. ಕೆಲಸ ಕೈತುಂಬ ಇತ್ತು, ಅವಳ ಬೈಗುಳ ಕೇಳುವ ಗಿರಾಕಿಗಳೂ ಕಡಿಮೆಯಿರಲಿಲ್ಲ. ಪಿನ್‌ಬಾಲ್ ಕೆಟ್ಟಾಗ ಭಾವ ಬಂದು ಬಾಗಿಲಲ್ಲಿ ಕೆಮ್ಮುತ್ತಿದ್ದ. ಅವಳು ಹೋಗುತ್ತಿದ್ದಳು. ಗಲ್ಲಾ ಬೀಗ ತೆಗೆದು, ಟಾರ್ಚು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಈಗ ಅದನ್ನು ಯಾರೂ ಕೇಳುತ್ತಿರಲಿಲ್ಲ, ಆದರೂ ನಿಲ್ಲುತ್ತಿದ್ದಳು. ಕಿಡಿ ಏನನ್ನೂ ವಿವರಿಸುತ್ತಿರಲಿಲ್ಲ. ಗಲ್ಲಾ ಏನನ್ನೂ ಕೇಳುತ್ತಿರಲಿಲ್ಲ, ಕಣ್ಣು ಮಾತ್ರ ಕೀಳುತ್ತಿರಲಿಲ್ಲ.

ಒಂದು ದಿನ ಹಾಗೆ ಕಿಡಿ ಒಂದು ರಿಲೇಯ ಮುಂದೆ ಬಹಳ ಹೊತ್ತು ತಡಕಾಡುತ್ತಿದ್ದಾಗ ಗಲ್ಲಾ ಒರಟಾಗಿ ಅಂದಳು:

“ಅದಲ್ಲ. ಅದರ ಕೆಳಗಿಂದು ತಡವಾಗಿ ಬಿಡ್ತಿದೆ.”

ಕಿಡಿ ಕೆಳಗಿನದನ್ನು ಬೆರಳಿಂದ ಒತ್ತಿ ಬಿಟ್ಟಳು. ಹೌದು, ಅದೇ. ಹೊಗಳಿಕೆ ಅವಳ ನಾಲಿಗೆಯ ತನಕ ಬಂದಿತ್ತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಅವಳು ಹೇಳಿದ್ದು ಇಷ್ಟೇ:

“ಟಾರ್ಚು ನೆಟ್ಟಗೆ ಹಿಡೀರಿ. ಕೈ ನಡುಗ್ತಿದೆ.”

“ನನ್ನ ಕೈಯೇನೂ ನಡುಗಲ್ಲ,” ಎಂದಳು ಗಲ್ಲಾ, ಎರಡೂ ಕೈಯಲ್ಲಿ ಟಾರ್ಚು ಹಿಡಿದು ಇನ್ನಷ್ಟು ಬಗ್ಗುತ್ತಾ.